ಅದೇ ಹಾಡು, ಆದರೆ ಅದಲ್ಲ

ಹದಿನೇಳನೇ ವಯಸ್ಸಿನಲ್ಲಿ ನೂರಾರು ಸಲ ಕೇಳಿದ ಹಾಡನ್ನು ಇಪ್ಪತ್ತೈದು ವರ್ಷದ ಮೇಲೆ ಫೋನಿನಲ್ಲಿ ಹುಡುಕಿ ಹಾಕಿದಾಗ ಮೊದಲು ಆಗುವುದು ಖುಷಿ. ಅರ್ಧ ನಿಮಿಷ ಕಳೆಯುವಷ್ಟರಲ್ಲಿ ಒಂದು ಸಣ್ಣ ಇರುಸುಮುರುಸು ಶುರುವಾಗುತ್ತದೆ. ಗಿಟಾರ್ ಬರಬೇಕಾದ ಕಡೆ ಬರುವುದಿಲ್ಲ. ಡ್ರಮ್ಸ್ ಯಾಕೋ ಮುಖಕ್ಕೆ ಬಡಿದ ಹಾಗಿದೆ. ಹಾಡುವವನ ದನಿ ಕೂದಲೆಳೆಯಷ್ಟು ಮೇಲೋ ಕೆಳಗೋ ಇದೆ. ಆಗ ಬಹಳ ಜನ ತಪ್ಪನ್ನೆಲ್ಲ ನೆನಪಿನ ತಲೆಗೆ ಕಟ್ಟಿ ಸುಮ್ಮನಾಗುತ್ತಾರೆ: ವಯಸ್ಸಾಯಿತು, ಕಿವಿ ಕೆಟ್ಟಿತು, ಆ ದಿನಗಳೇ ಬೇರೆ.

ಅಷ್ಟು ಬೇಗ ಸೋಲೊಪ್ಪಬೇಕಿಲ್ಲ. ಡೇನಿಯಲ್ ಲೆವಿಟಿನ್ ಎಂಬ ಮನಶ್ಶಾಸ್ತ್ರಜ್ಞ 1994ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ 46 ಜನರಿಗೆ ತಮಗೆ ಚೆನ್ನಾಗಿ ಗೊತ್ತಿರುವ ಪಾಪ್ ಅಥವಾ ರಾಕ್ ಹಾಡನ್ನು ಮನಸ್ಸಿನಲ್ಲಿ ತಂದುಕೊಂಡು ಹಾಗೇ ಹಾಡಲು ಹೇಳಲಾಯಿತು. ಶ್ರುತಿಪೆಟ್ಟಿಗೆ ಇಲ್ಲ, ವಾದ್ಯ ಇಲ್ಲ. ಹೀಗೆ ಎರಡು ಹಾಡು. ಶೇ. 40ರಷ್ಟು ಮಂದಿ ಕನಿಷ್ಠ ಒಂದರಲ್ಲಿ ಮೂಲ ಧ್ವನಿಮುದ್ರಣದ ಶ್ರುತಿಯನ್ನೇ ಹಿಡಿದಿದ್ದರು. ಎರಡು ವರ್ಷದ ಬಳಿಕ ಅದೇ ಹಾಡುಗಾರಿಕೆಯ ಗತಿಯನ್ನು ಅಳೆದು ನೋಡಿದಾಗ ಶೇ. 72ರಷ್ಟು ಹಾಡಿಕೆಗಳು ಮೂಲದ ವೇಗಕ್ಕಿಂತ ಶೇ. 8ರ ಒಳಗಿನ ವ್ಯತ್ಯಾಸದಲ್ಲಿದ್ದವು. ಅಂದರೆ ತಲೆಯೊಳಗೆ ಉಳಿದಿರುವುದು ಹಾಡಿನ ಸಾರಾಂಶವಲ್ಲ, ಒಂದು ನಿರ್ದಿಷ್ಟ ಧ್ವನಿಮುದ್ರಣ. ಅದರ ಶ್ರುತಿ, ಅದರ ಗತಿ, ಕೊನೆಗೆ ಅದರ ತಪ್ಪುಗಳ ಸಮೇತ. ಹಾಗಾಗಿ ‘ಇದು ಅದಲ್ಲ’ ಎಂದು ಕಿವಿ ಗೊಣಗಿದರೆ ಅದನ್ನು ಒಂದು ದೂರು ಎಂದೇ ಸ್ವೀಕರಿಸಿ ತನಿಖೆ ಮಾಡುವುದು ಮೇಲು. ಬೇಕಾಗುವ ಸಾಮಾನು ಒಂದು ಸ್ಟಾಪ್‌ವಾಚ್, ಆಡಾಸಿಟಿಯಂಥ ಉಚಿತ ತಂತ್ರಾಂಶ, ಸ್ವಲ್ಪ ತಾಳ್ಮೆ.

ಮೊದಲು ಉದ್ದ ನೋಡಿ. ರೇಡಿಯೊಗೆಂದು ಬಿಡುಗಡೆಯಾಗುತ್ತಿದ್ದ ಸಿಂಗಲ್‌ಗಳು, ಅಂದರೆ ಬಿಡಿ ಹಾಡಿನ ಪುಟ್ಟ ತಟ್ಟೆಗಳು, ಮೂರು ನಿಮಿಷದ ಆಸುಪಾಸಿನಲ್ಲಿರಬೇಕು ಎಂಬುದು ಅರವತ್ತರ ದಶಕದ ಅಲಿಖಿತ ಕಾನೂನು. ದಿ ಡೋರ್ಸ್ ತಂಡದ ‘ಲೈಟ್ ಮೈ ಫೈರ್’ 1967ರ ಎಲ್‌ಪಿಯಲ್ಲಿ, ಅಂದರೆ ಇಡೀ ಆಲ್ಬಮ್‌ನ ದೊಡ್ಡ ತಟ್ಟೆಯಲ್ಲಿ, ಸುಮಾರು ಏಳು ನಿಮಿಷ. ಸಿಂಗಲ್‌ನಲ್ಲಿ ಮೂರು ನಿಮಿಷಕ್ಕೂ ಕಡಿಮೆ. ನಡುವಿನ ಆರ್ಗನ್ ಮತ್ತು ಗಿಟಾರ್ ಸೋಲೊಗಳನ್ನು ಕತ್ತರಿ ನುಂಗಿತ್ತು. ಎರಿಕ್ ಕ್ಲಾಪ್ಟನ್ ಇದ್ದ ಡೆರೆಕ್ ಅಂಡ್ ದಿ ಡೊಮಿನೋಸ್ ತಂಡದ ‘ಲೈಲಾ’ದ ಕಥೆಯೂ ಅದೇ: ಆಲ್ಬಮ್‌ನಲ್ಲಿ ಏಳು ನಿಮಿಷದ ಮೇಲೆ, 1971ರ ಸಿಂಗಲ್‌ನಲ್ಲಿ ಮೂರರೊಳಗೆ, ಕೊನೆಯ ಪಿಯಾನೊ ಭಾಗ ಪೂರ್ತಿ ನಾಪತ್ತೆ. ರೇಡಿಯೊದಲ್ಲಿ ಕೇಳಿ ಬೆಳೆದವರಿಗೆ ಆಲ್ಬಮ್ ರೂಪ ಎಳೆದಂತೆ ಅನಿಸುತ್ತದೆ, ಎಲ್‌ಪಿಯಲ್ಲಿ ಕೇಳಿದವರಿಗೆ ಸಿಂಗಲ್ ಅಂಗಹೀನ ಅನಿಸುತ್ತದೆ. ಇಬ್ಬರೂ ಸರಿ.

ಮಾಧ್ಯಮವೇ ಉದ್ದವನ್ನು ತೀರ್ಮಾನಿಸಿದ ಉದಾಹರಣೆ 1985ರ ಡೈರ್ ಸ್ಟ್ರೇಟ್ಸ್ ಆಲ್ಬಮ್ ‘ಬ್ರದರ್ಸ್ ಇನ್ ಆರ್ಮ್ಸ್’. ಎಲ್‌ಪಿಯ ಒಂದು ಮಗ್ಗುಲಿಗೆ ನಿಮಿಷಗಳು ಹೆಚ್ಚಿದಷ್ಟೂ ಗೀರುಗಳನ್ನು ಒತ್ತೊತ್ತಾಗಿ ಕೊರೆಯಬೇಕು; ಒತ್ತೊತ್ತಾದರೆ ಬೇಸ್ ಮತ್ತು ಒಟ್ಟು ಗಟ್ಟಿತನ ತಗ್ಗಿಸಬೇಕು. ಹೀಗಾಗಿ ಆಗ ಹೊಸದಾಗಿದ್ದ ಸಿಡಿಯಲ್ಲಿ ಹಲವು ಹಾಡುಗಳು ಪೂರ್ತಿ ಉದ್ದದಲ್ಲಿದ್ದರೆ ಎಲ್‌ಪಿಯಲ್ಲಿ ಮೊಟಕಾದವು. ‘ವೈ ವರಿ’ ಸಿಡಿಯಲ್ಲಿ ಎಂಟೂವರೆ ನಿಮಿಷ, ಎಲ್‌ಪಿಯಲ್ಲಿ ಐದು ನಿಮಿಷ ಚಿಲ್ಲರೆ. ಒಂದೇ ಆಲ್ಬಮ್, ಒಂದೇ ವರ್ಷ, ಎರಡು ಬಗೆಯ ನೆನಪು.

ಸಾಹಿತ್ಯವೂ ಬದಲಾಗಿರಬಹುದು. ದಿ ಕಿಂಕ್ಸ್ ತಂಡದ ‘ಲೋಲಾ’ 1970ರಲ್ಲಿ ಬರುವ ಹೊತ್ತಿಗೆ ಮೂಲ ಸಾಲಿನಲ್ಲಿ ಕೋಕಾ-ಕೋಲಾ ಇತ್ತು. ವ್ಯಾಪಾರದ ಹೆಸರನ್ನು ಬಿಬಿಸಿ ಪ್ರಸಾರ ಮಾಡುವಂತಿರಲಿಲ್ಲ. ತಂಡದ ಗಾಯಕ ರೇ ಡೇವಿಸ್ ಅಮೆರಿಕದ ಪ್ರವಾಸದ ನಡುವೆ ಲಂಡನ್‌ಗೆ ಹಾರಿ ಬಂದು ಆ ಜಾಗದಲ್ಲಿ ಚೆರಿ ಕೋಲಾ ಎಂದು ಹಾಡಿ ಹೋದರು. ಸಿಂಗಲ್‌ನಲ್ಲಿ ಒಂದು, ಆಲ್ಬಮ್‌ನಲ್ಲಿ ಇನ್ನೊಂದು. ಎರಡು ಶಬ್ದಕ್ಕಾಗಿ ಅಟ್ಲಾಂಟಿಕ್ ದಾಟಿದ್ದು!

ಅರವತ್ತರ ದಶಕದ ಬ್ರಿಟಿಷ್ ಹಾಡುಗಳಿಗೆ ಮಾನೋ (ಎಲ್ಲ ಸದ್ದು ಒಂದೇ ದಾರಿಯಲ್ಲಿ), ಸ್ಟೀರಿಯೊ (ಎಡ ಬಲ ಬೇರೆ ಬೇರೆ) ಎಂಬ ಇನ್ನೊಂದು ಕವಲಿದೆ. ಆಗ ಮುಖ್ಯ ಮಿಕ್ಸ್ (ಗಾಯನ, ವಾದ್ಯಗಳನ್ನು ಕೂಡಿಸಿ ಹದ ಮಾಡಿದ ಅಂತಿಮ ರೂಪ) ಮಾನೋ. ಸ್ಟೀರಿಯೊವನ್ನು ಬೇರೆ ದಿನ, ಕಡಿಮೆ ಗಮನ ಕೊಟ್ಟು ಮಾಡುತ್ತಿದ್ದರು. ಬೀಟಲ್ಸ್ ಹಾಡು ‘ಹೆಲ್ಪ್!’ನ ಎರಡು ಮಿಕ್ಸ್‌ಗಳಲ್ಲಿ ಮುಖ್ಯ ಗಾಯನದ ಟೇಕ್ ಬೇರೆ ಬೇರೆ. ‘ಪ್ಲೀಸ್ ಪ್ಲೀಸ್ ಮಿ’ ಸ್ಟೀರಿಯೊದಲ್ಲಿ ಕೊನೆಯ ಚರಣ ಬಂದಾಗ ಜಾನ್ ಲೆನನ್ ಪದ ತಪ್ಪುತ್ತಾರೆ, ಮುಂದಿನ ಸಾಲಿಗೆ ನಗು ತಡೆದುಕೊಂಡದ್ದು ಕೇಳುತ್ತದೆ, ಮಾನೋದಲ್ಲಿ ಅದಿಲ್ಲ. ‘ಶೀಸ್ ಲೀವಿಂಗ್ ಹೋಮ್’ ಮಾನೋದಲ್ಲಿ ಹೆಚ್ಚು ವೇಗ, ಶ್ರುತಿಯೂ ಸುಮಾರು ಅರ್ಧ ಸ್ವರ, ಅಂದರೆ ಕೀಬೋರ್ಡಿನಲ್ಲಿ ಒಂದು ಮನೆ, ಮೇಲೆ. ಮಾನೋ ಕೇಳಿ ಬೆಳೆದ ಕಿವಿಗೆ ಸ್ಟೀರಿಯೊ ಮಂಕಾಗಿ, ಜೋತುಬಿದ್ದಂತೆ ಕೇಳಿಸಿದರೆ ಅದರಲ್ಲಿ ಭ್ರಮೆ ಏನೂ ಇಲ್ಲ.

ಇಷ್ಟೂ ಪ್ರಾಮಾಣಿಕ ವ್ಯತ್ಯಾಸಗಳು. ಕೆಳಗಿನವು ಸ್ವಲ್ಪ ಸಿಟ್ಟು ಬರಿಸುವಂಥವು.

ಜೀಜೀ ಟಾಪ್ ತಂಡದ ಎಪ್ಪತ್ತರ ದಶಕದ ಆಲ್ಬಮ್‌ಗಳನ್ನು 1987ರಲ್ಲಿ ಸಿಡಿಗೆ ತರುವಾಗ ಎಂಬತ್ತರ ದಶಕದ ರುಚಿಗೆ ತಕ್ಕಂತೆ ಮರುಮಿಕ್ಸ್ ಮಾಡಲಾಯಿತು. ಒಣ, ಮರದ ಸದ್ದಿನ ಡ್ರಮ್ಸ್ ಇದ್ದ ಕಡೆ ಎಕೋ ತುಂಬಿದ ಸದ್ದು ಬಂತು. ಬಹಳ ಕಾಲ ಆ ಹಾಡುಗಳಲ್ಲಿ ಹೆಚ್ಚಿನವು ಸಿಡಿಯಲ್ಲಿ ಸಿಗುತ್ತಿದ್ದುದೇ ಆ ರೂಪದಲ್ಲಿ. ಆಝಿ ಆಸ್‌ಬೋರ್ನ್ ಅವರ ಮೊದಲ ಎರಡು ಸೋಲೊ ಆಲ್ಬಮ್‌ಗಳ 2002ರ ಮರುಬಿಡುಗಡೆ ಇನ್ನೂ ಮುಂದೆ ಹೋಯಿತು: ಮೂಲ ಬೇಸ್ ಮತ್ತು ಡ್ರಮ್ಸ್ ಅಳಿಸಿ ಹೊಸ ವಾದಕರಿಂದ ನುಡಿಸಿ ಕೂರಿಸಿದರು, 2011ರಲ್ಲಿ ಮೂಲ ಮರಳಿ ಬಂತು. ಡೆಫ್ ಲೆಪರ್ಡ್ ತಂಡ ತನ್ನ ಕಂಪನಿಯೊಂದಿಗಿನ ಜಗಳದಲ್ಲಿ 2012ರಲ್ಲಿ ತನ್ನದೇ ಹಳೆಯ ಹಾಡುಗಳನ್ನು ಮತ್ತೆ ಹಾಡಿ ಬಿಡುಗಡೆ ಮಾಡಿತು, ಮೂಲಕ್ಕೆ ಆದಷ್ಟೂ ಹತ್ತಿರವಾಗಿ. ನ್ಯೂ ಆರ್ಡರ್ ತಂಡದ ‘ಟೆಂಪ್ಟೇಶನ್’ ಉಲ್ಟಾ ಪ್ರಸಂಗ. 1982ರ ಮೂಲಕ್ಕಿಂತ 1987ರ ಸಂಕಲನಕ್ಕಾಗಿ ಮರುಮುದ್ರಿಸಿದ ರೂಪವೇ ಎಷ್ಟೋ ಜನರ ‘ಮೂಲ’.

ಇವನ್ನು ಪತ್ತೆಹಚ್ಚುವುದು ಹೇಗೆ? ಸ್ಟ್ರೀಮಿಂಗ್ ಆಪ್‌ನಲ್ಲಿ ಆಲ್ಬಮ್ ಪುಟದ ತೀರ ಕೆಳಗೆ, ವೃತ್ತದೊಳಗೆ ಇಂಗ್ಲಿಷಿನ ‘ಪಿ’ ಇರುವ ಗುರುತಿನ ಪಕ್ಕ ಒಂದು ವರ್ಷ ಇರುತ್ತದೆ. ಅದು ಧ್ವನಿಮುದ್ರಣದ ಹಕ್ಕಿನ ವರ್ಷ. ಹಾಡು 1974ರದ್ದು, ಗುರುತು 2009 ಎನ್ನುತ್ತಿದೆ, ಜೊತೆಗೆ ತಂಡಕ್ಕೆ ಎಂದೂ ಸಂಬಂಧವಿಲ್ಲದ ಕಂಪನಿಯ ಹೆಸರಿದೆ ಎಂದಾದರೆ ಅದು ಮರುಹಾಡಿಕೆ ಇರುವ ಸಂಭವ ಬಲವಾಗಿದೆ. ಅಗ್ಗದ ‘ಅತ್ಯುತ್ತಮ ಹಾಡುಗಳು’ ಸಂಕಲನಗಳಲ್ಲಿ ಇದು ಮಾಮೂಲು. ತಂಡದ ಮೂಲ ಗಾಯಕ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಬೇರೆಯವರಿರುತ್ತಾರೆ. ಐಎಸ್‌ಆರ್‌ಸಿ ಎಂಬ 12 ಅಕ್ಷರ-ಅಂಕಿಗಳ ಸಂಕೇತವೂ ನೆರವಾಗುತ್ತದೆ: ಮೊದಲೆರಡು ದೇಶಕ್ಕೆ, ಮೂರು ನೋಂದಾಯಿಸಿದವರಿಗೆ, ಎರಡು ವರ್ಷಕ್ಕೆ, ಉಳಿದ ಐದು ಕ್ರಮಸಂಖ್ಯೆ. ಇಲ್ಲಿ ಎಡವುವ ಜಾಗ ಒಂದಿದೆ. ಆ ವರ್ಷ ಸಂಕೇತ ಕೊಟ್ಟ ವರ್ಷವೇ ಹೊರತು ಹಾಡು ಮುದ್ರಿಸಿದ ವರ್ಷವಲ್ಲ. ಹಾಗಾಗಿ ಅದರಿಂದ ವಯಸ್ಸು ಲೆಕ್ಕ ಹಾಕಬೇಡಿ. ಎರಡು ಕಡೆ ಸಿಗುವ ಹಾಡು ಒಂದೇ ಧ್ವನಿಮುದ್ರಣವೋ ಅಲ್ಲವೋ ಎಂದು ತಾಳೆ ನೋಡಲು ಮಾತ್ರ ಬಳಸಿ. ಎಲ್‌ಪಿ, ಸಿಂಗಲ್‌ಗಳ ಬಾಬತ್ತಿನಲ್ಲಿ ಡಿಸ್ಕಾಗ್ಸ್ ಜಾಲತಾಣದ ದತ್ತಾಂಶ ನಂಬಲರ್ಹ. ತಟ್ಟೆಯ ಒಳಅಂಚಿನಲ್ಲಿ, ಲೇಬಲ್‌ನ ಹೊರಗೆ ಗೀಚಿರುವ ಮ್ಯಾಟ್ರಿಕ್ಸ್ ಸಂಖ್ಯೆಯನ್ನು ಅಲ್ಲಿ ಹುಡುಕಿದರೆ ಯಾವ ಮುದ್ರಣ ಎಂದು ತಿಳಿಯುತ್ತದೆ.

ರೀಮಾಸ್ಟರ್, ಅಂದರೆ ಹಳೆಯ ಮುದ್ರಣದ ಸದ್ದನ್ನು ಮತ್ತೆ ಹದಗೊಳಿಸಿ ಬಿಡುವುದು, ಇದರ ಬಗ್ಗೆ ಎರಡು ಮಾತು. ತೊಂಬತ್ತರ ದಶಕದ ನಡುವಿನಿಂದ ಸಿಡಿಗಳನ್ನು ಗಟ್ಟಿ ಮಾಡುವ ಪೈಪೋಟಿ ನಡೆಯಿತು. ಏರಿಳಿತವನ್ನು ಹಿಸುಕಿ ಮೆಲ್ಲನೆಯದನ್ನೂ ಜೋರು ಮಾಡಿದರೆ ಮೊದಲ ಹತ್ತು ಸೆಕೆಂಡ್ ಭರ್ಜರಿ ಅನಿಸುತ್ತದೆ, ನಾಲ್ಕನೇ ಹಾಡಿಗೆ ಕಿವಿ ದಣಿಯುತ್ತದೆ. ಮೆಟಾಲಿಕಾದ 2008ರ ‘ಡೆತ್ ಮ್ಯಾಗ್ನೆಟಿಕ್’ ಈ ವಿಷಯಕ್ಕೇ ಕುಖ್ಯಾತವಾಯಿತು. ವಿಡಿಯೊ ಗೇಮ್‌ಗೆ ಕೊಟ್ಟ ಅದೇ ಹಾಡುಗಳು ಸಿಡಿಗಿಂತ ಕಡಿಮೆ ಹಿಸುಕಿದ್ದವು ಎಂಬುದನ್ನು ಅಭಿಮಾನಿಗಳೇ ಪತ್ತೆ ಹಚ್ಚಿದರು. ಹಳೆಯ ಸಿಡಿ, ಹೊಸ ರೀಮಾಸ್ಟರ್ ಎರಡನ್ನೂ ಆಡಾಸಿಟಿಯಲ್ಲಿ ತೆರೆದು ನೋಡಿ. ಒಂದು ಗುಡ್ಡಬೆಟ್ಟದ ಹಾಗೆ, ಇನ್ನೊಂದು ಇಟ್ಟಿಗೆಯ ಹಾಗೆ ಕಂಡರೆ ನಿಮ್ಮ ಅಸಮಾಧಾನಕ್ಕೆ ಕಾರಣ ಸಿಕ್ಕಿತು. ಆದರೆ ಕೇಳಿ ಹೋಲಿಸುವಾಗ ಎರಡರ ಗಟ್ಟಿತನವನ್ನೂ ಮೊದಲು ಸಮ ಮಾಡಿಕೊಳ್ಳಿ. ಒಂದು ಡೆಸಿಬೆಲ್ ಜೋರಿದ್ದರೂ ಸಾಕು, ಜೋರಾದದ್ದೇ ಚೆನ್ನಾಗಿದೆ ಎಂದು ಕಿವಿ ತೀರ್ಪು ಕೊಟ್ಟುಬಿಡುತ್ತದೆ.

ಇನ್ನು ಕ್ಯಾಸೆಟ್. ಯೌವನದ ಹಾಡು ಎಂದರೆ ಬಹಳ ಜನರಿಗೆ ಅದು ಯಾರೋ ತುಂಬಿಸಿಕೊಟ್ಟ ಸಿ-90 (ತೊಂಬತ್ತು ನಿಮಿಷದ ಕ್ಯಾಸೆಟ್), ಮೇಲೆ ಪೆನ್ನಿನಲ್ಲಿ ಬರೆದ ಪಟ್ಟಿ. ಆ ನಿರ್ದಿಷ್ಟ ಸದ್ದು ಬೇಕೆಂದರೆ ಯಾವ ಆಪ್‌ನಲ್ಲೂ ಸಿಗುವುದಿಲ್ಲ, ಡಬ್ಬದಲ್ಲಿರುವ ಆ ಟೇಪಿನಿಂದಲೇ ತೆಗೆಯಬೇಕು.

ಆತುರಕ್ಕೆ ಬಿದ್ದು ಸೀದಾ ಪ್ಲೇ ಒತ್ತುವುದು ಮೊದಲ ತಪ್ಪು. ಕ್ಯಾಸೆಟ್‌ನ ಕಿಟಕಿಯಿಂದ ಟೇಪಿನ ಸುರುಳಿ ನೋಡಿ. ಬಿಳಿ ಪುಡಿ, ಚುಕ್ಕೆ ಕಂಡರೆ ಅದು ಬೂಸ್ಟು, ಡೆಕ್‌ಗೆ (ಕ್ಯಾಸೆಟ್ ನುಡಿಸುವ ಯಂತ್ರಕ್ಕೆ) ಹಾಕಿದರೆ ಟೇಪಿನಿಂದ ಸದ್ದು ಓದುವ ಹೆಡ್‌ಗೆ ಹತ್ತಿ ಮುಂದಿನ ಕ್ಯಾಸೆಟ್‌ಗೂ ದಾಟುತ್ತದೆ. ಸುರುಳಿ ಸ್ವಚ್ಛವಿದ್ದರೆ ಹೆಡ್ ತಾಗುವ ಬಾಯಿಯ ಕಡೆ ನೋಡಿ. ತೆಳು ತಗಡಿನ ಸ್ಪ್ರಿಂಗ್ ಮೇಲೆ ಕಡಲೆಬೀಜಕ್ಕಿಂತ ಚಿಕ್ಕದಾದ ಫೆಲ್ಟ್ ತುಂಡು ಅಂಟಿರಬೇಕು. ಟೇಪನ್ನು ಹೆಡ್‌ಗೆ ಒತ್ತಿ ಹಿಡಿಯುವುದು ಅದೇ. ಇಪ್ಪತ್ತು ಮೂವತ್ತು ವರ್ಷಕ್ಕೆ ಗೋಂದು ಒಣಗಿ ಅದು ಉದುರಿಹೋಗಿರುತ್ತದೆ. ಅದಿಲ್ಲದೆ ನುಡಿಸಿದರೆ ಸದ್ದು ಕಂಬಳಿ ಹೊದ್ದಂತೆ, ನಡುನಡುವೆ ಮುಳುಗಿ ಏಳುತ್ತದೆ. ಟೇಪೇ ಸತ್ತಿದೆ ಎಂದುಕೊಂಡು ಬಿಸಾಡುವವರು ಇಲ್ಲೇ ಮೋಸ ಹೋಗುವುದು.

ಸುಲಭದ ಪರಿಹಾರ ಕವಚ ಬದಲಿಸುವುದು. ಐದು ಸ್ಕ್ರೂ ಇರುವ, ಒಳ್ಳೆಯ ಸ್ಥಿತಿಯ, ಬೇಡವಾದ ಕ್ಯಾಸೆಟ್ ಒಂದನ್ನು ಆರಿಸಿ. ಎರಡನ್ನೂ ಮೇಜಿನ ಮೇಲೆ ಚಪ್ಪಟೆಯಾಗಿ ಮಲಗಿಸಿಯೇ ಬಿಚ್ಚಿ. ಎತ್ತಿ ಹಿಡಿದು ಬಿಚ್ಚಿದರೆ ಸುರುಳಿ ಜಾರಿ 128 ಮೀಟರ್ ಟೇಪ್ ನೆಲದ ಮೇಲೆ. ಬಿಚ್ಚುವ ಮುನ್ನ ಫೋನಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಎರಡು ಸುರುಳಿ, ಮೂಲೆಯ ಎರಡು ಪುಟ್ಟ ರೋಲರ್‌ಗಳು, ಮೇಲೊಂದು ಕೆಳಗೊಂದು ಜಾರುಹಾಳೆ, ಫೆಲ್ಟಿನ ಹಿಂದೆ ಒಂದು ಲೋಹದ ತಗಡು, ಇಷ್ಟೇ ಒಳಗಿರುವುದು. ಸುರುಳಿಗಳನ್ನು ಜಾರುಹಾಳೆಯ ಸಮೇತ ಎತ್ತಿ ಹೊಸ ಕವಚದಲ್ಲಿ ಕೂರಿಸಿ. ಟೇಪ್ ರೋಲರ್‌ಗಳ ಹೊರಮೈ ಬಳಸಿ, ಫೆಲ್ಟಿನ ಮುಂದಿನಿಂದ ಹಾದುಹೋಗಬೇಕು. ಕಾಂತದ ಲೇಪವಿರುವ ಮುಖ ಹೊರಗೆ ನೋಡಬೇಕು. ಸ್ಕ್ರೂಗಳನ್ನು ಕಣ್ಣು ಕೆಂಪಾಗುವಷ್ಟು ಬಿಗಿಯಬೇಡಿ, ಕವಚ ಬಾಗಿ ಸುರುಳಿ ಉಜ್ಜುತ್ತದೆ. ಸ್ಕ್ರೂ ಇಲ್ಲದೆ ಬೆಸೆದ ಹಳೆಯ ಕವಚವಾದರೆ ಅಂಚಿನ ಗೆರೆಯುದ್ದಕ್ಕೂ ತೆಳು ಅಲಗು ಆಡಿಸಿ ಸೀಳಬೇಕು. ಅಲಗು ಒಳಗೆ ಎರಡು ಮಿಲಿಮೀಟರಿಗಿಂತ ಹೋಗದ ಹಾಗೆ ಹಿಡಿತ ಇರಲಿ.

ಟೇಪ್ ತುಂಡಾಗಿದ್ದರೆ ಅದಕ್ಕೆಂದೇ ಬರುವ, ಟೇಪಿನಷ್ಟೇ ಅಗಲದ ಜೋಡಣೆ ಪಟ್ಟಿ ಬಳಸಿ, ಹೆಡ್ ತಾಗದ ಹಿಂಬದಿಗೆ ಅಂಟಿಸಿ. ಮೇಜಿನ ಮೇಲಿರುವ ಮಾಮೂಲಿ ಸೆಲ್ಲೊಟೇಪ್ ಬೇಡವೇ ಬೇಡ. ಅದರ ಅಂಟು ಕೆಲವೇ ತಿಂಗಳಲ್ಲಿ ಅಂಚಿನಿಂದ ಒಸರಿ ಮುಂದಿನ ಸುತ್ತಿಗೆ ಹಿಡಿದು, ಮುಂದಿನ ಸಲ ಪೂರ್ತಿ ಲೇಪವನ್ನೇ ಕಿತ್ತುಕೊಂಡು ಬರುತ್ತದೆ.

ನಂತರ ಒಮ್ಮೆ ಕೊನೆವರೆಗೆ ಮುಂದೋಡಿಸಿ, ಒಮ್ಮೆ ಮೊದಲಿಗೆ ತಿರುಗಿಸಿ. ವರ್ಷಗಟ್ಟಲೆ ಒಂದೇ ಬಿಗಿಯಲ್ಲಿ ಕೂತ ಸುತ್ತುಗಳು ಸಡಿಲಗೊಳ್ಳುತ್ತವೆ, ನುಡಿಸುವಾಗ ಕಿರ್ ಎನ್ನುವುದು ತಪ್ಪುತ್ತದೆ. ಸಿ-90ರ ಟೇಪ್ ಸುಮಾರು 12 ಮೈಕ್ರೊಮೀಟರ್ ದಪ್ಪ, ಸಿ-120ರದ್ದು 9ರಷ್ಟು. ಸಿ-120 ಆದರೆ ಮುಂದೋಡಿಸುವುದನ್ನೂ ಬಿಟ್ಟು ನುಡಿಸುವ ವೇಗದಲ್ಲೇ ಒಮ್ಮೆ ಓಡಿಸಿಬಿಡಿ, ಅದನ್ನು ಎಳೆದಾಡಿದರೆ ಹಿಗ್ಗುತ್ತದೆ.

ಡೆಕ್‌ನ ಹೆಡ್ ಮತ್ತು ಪಕ್ಕದ ಉಕ್ಕಿನ ಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ, ಹತ್ತಿಯ ಮೇಲೆ ಕಂದು ಬಣ್ಣ ಬರುವುದು ನಿಲ್ಲುವವರೆಗೆ. ರಬ್ಬರ್ ರೋಲರ್‌ಗೆ ಸ್ವಲ್ಪ ಸಾಬೂನು ನೀರು ಸಾಕು. ಅದರ ಮೈ ಗಾಜಿನಂತೆ ಹೊಳೆಯುತ್ತಿದ್ದರೆ ಟೇಪ್ ಜಾರುತ್ತದೆ, ಕೊನೆಗೆ ಟೇಪ್ ತಿಂದೂಬಿಡುತ್ತದೆ. ಅದನ್ನು ಬದಲಿಸುವುದೇ ದಾರಿ. ಬೆಲ್ಟ್ ಕೂಡ ಹಾಗೇ. ಹಳೆಯವು ಕರಗಿ ಡಾಂಬರಿನಂತೆ ಬೆರಳಿಗೆ ಮೆತ್ತಿಕೊಳ್ಳುತ್ತವೆ.

ಎಲ್ಲಕ್ಕಿಂತ ಹೆಚ್ಚು ವ್ಯತ್ಯಾಸ ತರುವುದು, ಎಲ್ಲರೂ ಬಿಟ್ಟುಬಿಡುವುದು ಅಜಿಮತ್, ಅಂದರೆ ಹೆಡ್ ಟೇಪಿಗೆ ನೆಟ್ಟಗೆ ನಿಂತಿರುವುದು. ಲೆಕ್ಕ ನೋಡಿದರೆ ಅದರ ನಾಜೂಕು ಅರ್ಥವಾಗುತ್ತದೆ. ಟೇಪ್ ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ಸಿಂಬಲ್‌ನ, ಅಂದರೆ ಡ್ರಮ್ಸ್ ಜೊತೆಯ ಲೋಹದ ತಟ್ಟೆಯ, 10 ಕಿಲೋಹರ್ಟ್ಜ್ ಸದ್ದು ಆ ವೇಗದಲ್ಲಿ ಟೇಪಿನ ಮೇಲೆ ಆಕ್ರಮಿಸುವ ಜಾಗ 5 ಮೈಕ್ರೊಮೀಟರಿಗೂ ಕಡಿಮೆ. ಒಂದು ಟ್ರ್ಯಾಕ್‌ನ ಅಗಲ ಸುಮಾರು 0.6 ಮಿಲಿಮೀಟರ್. ಹೆಡ್ ಅರ್ಧ ಡಿಗ್ರಿಯಷ್ಟು ವಾಲಿದರೂ ಸಾಕು, ಟ್ರ್ಯಾಕ್‌ನ ಮೇಲರ್ಧದಲ್ಲಿ ಅಲೆ ಏರುವಾಗ ಕೆಳಗಿನರ್ಧದಲ್ಲಿ ಇಳಿದು ಒಂದನ್ನೊಂದು ಅಳಿಸಿಹಾಕುತ್ತವೆ. ಸಿಂಬಲ್ ಇಲ್ಲವೇ ಇಲ್ಲ ಎಂದಾಗುತ್ತದೆ. ನಿಮ್ಮ ಟೇಪ್ ತುಂಬಿಸಿದ ಡೆಕ್ ಯಾವ ಕೋನದಲ್ಲಿತ್ತೋ, ನುಡಿಸುವ ಹೆಡ್ ಅದೇ ಕೋನಕ್ಕೆ ಬರಬೇಕು. ಅದು ಸರಿಯಾದ ಕೋನವೇ ಆಗಿರಬೇಕೆಂದಿಲ್ಲ.

ಮಾಡುವ ಕ್ರಮ ಹೀಗೆ. ಡೆಕ್ ಬಾಗಿಲಿನ ಮುಚ್ಚಳ ತೆಗೆದರೆ ಹೆಡ್‌ನ ಪಕ್ಕ ಎರಡು ಸ್ಕ್ರೂ ಕಾಣುತ್ತವೆ. ಸ್ಪ್ರಿಂಗ್ ಮೇಲೆ ಕೂತಿರುವುದು, ಸಾಮಾನ್ಯವಾಗಿ ಬಣ್ಣದ ಅರಗು ಹಚ್ಚಿರುವುದು, ಅಜಿಮತ್ ಸ್ಕ್ರೂ. ಅದರ ಈಗಿನ ನಿಲುವನ್ನು ಗುರುತು ಮಾಡಿಕೊಳ್ಳಿ. ಡಾಲ್ಬಿ, ಅಂದರೆ ಟೇಪಿನ ಸುಯ್ ಸದ್ದು ತಗ್ಗಿಸುವ ಸೌಲಭ್ಯ, ಆಫ್ ಮಾಡಿ. ಎಡ ಬಲ ಎರಡನ್ನೂ ಸೇರಿಸಿ ಮಾನೋದಲ್ಲಿ ಕೇಳಿ, ಏಕೆಂದರೆ ವಾಲಿಕೆಯ ದೋಷ ಮಾನೋದಲ್ಲಿ ಹತ್ತು ಪಟ್ಟು ಎದ್ದು ಕಾಣುತ್ತದೆ. ಹೈ-ಹ್ಯಾಟ್ (ಒಂದರ ಮೇಲೊಂದು ಬಡಿಯುವ ಜೋಡಿ ಸಿಂಬಲ್) ಚೆನ್ನಾಗಿರುವ ಭಾಗ ನುಡಿಸುತ್ತ ಸಣ್ಣ ಸ್ಕ್ರೂಡ್ರೈವರ್‌ನಿಂದ ಗಡಿಯಾರದ ಐದು ನಿಮಿಷದಷ್ಟು ಮಾತ್ರ ಅತ್ತಿತ್ತ ತಿರುಗಿಸಿ. ಒಂದು ಬಿಂದುವಿನಲ್ಲಿ ಸದ್ದು ಪರದೆ ಸರಿದಂತೆ ಥಟ್ಟನೆ ತೆರೆದುಕೊಳ್ಳುತ್ತದೆ. ದಾಟಿದರೆ ಮತ್ತೆ ಮುಚ್ಚುತ್ತದೆ. ನಡುವೆ ನಿಲ್ಲಿಸಿ. ಕಾಲು ಸುತ್ತು ತಿರುಗಿಸಿದರೂ ಏನೂ ಆಗದಿದ್ದರೆ ತಪ್ಪು ಸ್ಕ್ರೂ ತಿರುಗಿಸುತ್ತಿದ್ದೀರಿ. ಎರಡೂ ದಿಕ್ಕಿಗೆ ತಾನೇ ನುಡಿಸುವ ಆಟೊ-ರಿವರ್ಸ್ ಡೆಕ್ ಆದರೆ ಒಂದೊಂದು ದಿಕ್ಕಿಗೂ ಬೇರೆ ಹೊಂದಾಣಿಕೆ; ಅಂಥದನ್ನು ಈ ಕೆಲಸಕ್ಕೆ ಬಳಸದಿರುವುದೇ ಒಳ್ಳೆಯದು.

ಇಲ್ಲಿ ಕಿವಿಯ ವಯಸ್ಸು ನಿಜವಾಗಿಯೂ ಲೆಕ್ಕಕ್ಕೆ ಬರುತ್ತದೆ. ಐವತ್ತು ದಾಟಿದ ಬಹುತೇಕರಿಗೆ 12 ಕಿಲೋಹರ್ಟ್ಜ್ ಮೇಲಿನದು ಕ್ಷೀಣಿಸಿರುತ್ತದೆ. ಮನೆಯಲ್ಲಿ ಹದಿನಾರು ವರ್ಷದ ಯಾರಾದರೂ ಇದ್ದರೆ ಪಕ್ಕ ಕೂರಿಸಿಕೊಳ್ಳಿ. ಹಾಡು ಅವರಿಗೆ ಹಿಡಿಸದಿದ್ದರೂ ಹೈ-ಹ್ಯಾಟ್ ಯಾವಾಗ ತೆರೆದುಕೊಂಡಿತು ಎಂದು ಹೇಳಬಲ್ಲರು.

ಡಾಲ್ಬಿ ಬಿ ವಿಷಯದಲ್ಲಿ ನೆನಪು ಮತ್ತು ನಿಯಮ ಎದುರುಬದುರಾಗುತ್ತವೆ. ಡಾಲ್ಬಿ ಹಾಕಿ ಮುದ್ರಿಸಿದ ಟೇಪನ್ನು ಡಾಲ್ಬಿ ಹಾಕಿಯೇ ನುಡಿಸಬೇಕು ಎನ್ನುತ್ತದೆ ನಿಯಮ. ಆದರೆ ಅಗ್ಗದ ಪುಟ್ಟ ಪ್ಲೇಯರ್‌ಗಳಲ್ಲಿ ಆ ಸೌಲಭ್ಯ ಇರಲಿಲ್ಲ. ಡಾಲ್ಬಿ ಗುರುತಿನ ಕ್ಯಾಸೆಟ್ ಅವುಗಳಲ್ಲಿ ಹೆಚ್ಚು ಚುರುಕಾಗಿ, ಕೊಂಚ ಸುಯ್‌ಗುಟ್ಟುತ್ತ ಕೇಳುತ್ತಿತ್ತು. ನಿಮ್ಮ ತಲೆಯಲ್ಲಿರುವುದು ಆ ‘ತಪ್ಪು’ ಸದ್ದೇ ಇರಬಹುದು, ಸರಿಪಡಿಸಿದ್ದು ಸಪ್ಪೆ ಅನಿಸಬಹುದು. ಹಾಗೆಂದು ಡಾಲ್ಬಿಯನ್ನು ಬೈಯುವ ಮುನ್ನ ಅಜಿಮತ್ ಮತ್ತೆ ನೋಡಿ. ಹೆಡ್ ವಾಲಿ ಮೇಲಿನ ಸದ್ದು ಸೊರಗಿದ್ದರೆ ಡಾಲ್ಬಿ ಅದನ್ನು ಮೆಲ್ಲನೆಯ ಭಾಗ ಎಂದು ತಿಳಿದು ಇನ್ನಷ್ಟು ಒತ್ತಿಬಿಡುತ್ತದೆ.

ಕಂಪ್ಯೂಟರಿಗೆ ಇಳಿಸುವ ಕೆಲಸ ಇದರ ಮುಂದೆ ಸಲೀಸು. ಡೆಕ್‌ನ ಲೈನ್ ಔಟ್‌ನಿಂದ ಸದ್ದನ್ನು ಕಂಪ್ಯೂಟರಿಗೆ ದಾಟಿಸುವ ಆಡಿಯೊ ಇಂಟರ್‌ಫೇಸ್ ಪೆಟ್ಟಿಗೆಯ ಲೈನ್ ಇನ್‌ಗೆ ತಂತಿ ಎಳೆಯಿರಿ. ಮೈಕ್ ಕಿಂಡಿಗೆ ಹಾಕಿದರೆ ಸದ್ದು ಒಡೆಯುತ್ತದೆ. ಮುದ್ರಣದ ಗುಣಮಟ್ಟ 24 ಬಿಟ್, 48 ಕಿಲೋಹರ್ಟ್ಜ್ ಇರಲಿ. ಅತಿ ಜೋರಿನ ಜಾಗ ಹುಡುಕಿ ಮೀಟರ್ ಅಲ್ಲಿ ಮೈನಸ್ 6 ಡೆಸಿಬೆಲ್ ತೋರುವಂತೆ ಇಟ್ಟು, ಆಮೇಲೆ ಮುಟ್ಟಬೇಡಿ. 45 ನಿಮಿಷದ ಒಂದು ಮಗ್ಗುಲಿಗೆ ಸುಮಾರು 780 ಎಂಬಿ ಜಾಗ ಬೇಕು. ಯುಎಸ್‌ಬಿ ತಂತಿಯೊಂದಿಗೆ ಬರುವ ಅಗ್ಗದ ಕ್ಯಾಸೆಟ್ ಪರಿವರ್ತಕಗಳ ಜಾಹೀರಾತು ನೋಡಿ ಕೈ ಸುಟ್ಟುಕೊಳ್ಳಬೇಡಿ. ವೇಗ ಓಲಾಡುತ್ತದೆ, ಡಾಲ್ಬಿ ಇರುವುದಿಲ್ಲ.

ಇಳಿಸಿದ ಮೇಲೆ ವೇಗ ಪರೀಕ್ಷಿಸಿ. ಮೊದಲ ಸ್ಪಷ್ಟ ಪೆಟ್ಟಿನಿಂದ ಕೊನೆಯ ಸ್ಪಷ್ಟ ಪೆಟ್ಟಿಗೆ ಅಳೆಯಿರಿ. ಮೆಲ್ಲಗೆ ಕರಗುವ ಕೊನೆಯನ್ನಾಗಲಿ, ಹೊದಿಕೆಯ ಮೇಲೆ ಅಚ್ಚಾದ ನಿಮಿಷಗಳನ್ನಾಗಲಿ ನಂಬಬೇಡಿ. ಅದೇ ಎರಡು ಪೆಟ್ಟುಗಳ ನಡುವೆ ಅಧಿಕೃತ ಸಿಡಿಯಲ್ಲಿ 240 ಸೆಕೆಂಡ್, ನಿಮ್ಮ ಟೇಪಿನಲ್ಲಿ 232 ಇದ್ದರೆ ಟೇಪ್ ಶೇ. 3.4 ವೇಗವಾಗಿದೆ, ಅಂದರೆ ಶ್ರುತಿ ಅರ್ಧ ಸ್ವರದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮೇಲಿದೆ. ಮಗ್ಗುಲಿನ ಮೊದಲ ಹಾಡಿನಲ್ಲೊಮ್ಮೆ, ಕೊನೆಯದರಲ್ಲೊಮ್ಮೆ ಅಳೆಯಿರಿ. ಎರಡೂ ಕಡೆ ಒಂದೇ ವ್ಯತ್ಯಾಸ ಬಂದರೆ ತಂತ್ರಾಂಶದಲ್ಲಿ ವೇಗ ಬದಲಿಸಿ ಮುಗಿಸಬಹುದು. ಬೇರೆ ಬೇರೆ ಬಂದರೆ ಬೆಲ್ಟೋ ರೋಲರೋ ಜಾರುತ್ತಿದೆ, ವಾಪಸ್ ಡೆಕ್ ಕಡೆಗೆ ನಡೆಯಿರಿ. ತುಂಬಿಸಿದ ಡೆಕ್ ಶೇ. 1 ನಿಧಾನ, ನುಡಿಸುವುದು ಶೇ. 1 ವೇಗ ಇದ್ದರೆ ದೋಷ ಕಳೆಯುವುದಿಲ್ಲ, ಕೂಡಿ ಶೇ. 2 ಆಗುತ್ತದೆ.

ಪಿಯಾನೊ ಅಥವಾ ಟ್ಯೂನರ್ ಇಟ್ಟುಕೊಂಡು ಶ್ರುತಿ ‘ಸರಿ’ಪಡಿಸಲು ಹೋಗುವವರು ಇನ್ನೊಂದು ಹಳ್ಳಕ್ಕೆ ಬೀಳುತ್ತಾರೆ. ಬೀಟಲ್ಸ್‌ನ ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’ ಗತಿ, ಶ್ರುತಿ ಎರಡೂ ಬೇರೆಯಿದ್ದ ಎರಡು ಟೇಕ್‌ಗಳನ್ನು ಟೇಪಿನ ವೇಗ ಬದಲಿಸಿ ಹೊಂದಿಸಿ ಅಂಟಿಸಿದ ಹಾಡು; ಜೋಡಣೆ ಒಂದನೇ ನಿಮಿಷದ ಹತ್ತಿರ ಇದೆ. ಅದರ ಶ್ರುತಿ ಯಾವ ಕೀಬೋರ್ಡಿನ ಮನೆಗೂ ಸರಿಯಾಗಿ ಕೂರುವುದಿಲ್ಲ, ಎರಡರ ನಡುವೆ ನಿಲ್ಲುತ್ತದೆ. ಡೋರ್ಸ್‌ನ ಮೊದಲ ಆಲ್ಬಮ್ ದಶಕಗಳ ಕಾಲ ಇರಬೇಕಾದ್ದಕ್ಕಿಂತ ನಿಧಾನವಾಗಿಯೇ ಮಾರಾಟವಾಯಿತು. ನಲವತ್ತು ವರ್ಷದ ಬಳಿಕ ಹೊಸ ಮಿಕ್ಸ್‌ನಲ್ಲಿ ವೇಗ ಸರಿಪಡಿಸಿದರು. ಸ್ಟುಡಿಯೊದವರಿಗೆ ಅದು ತಿದ್ದುಪಡಿ. ನಿಧಾನದ್ದನ್ನೇ ಕೇಳಿ ಬೆಳೆದವರಿಗೆ ಅದು ಯಾರೋ ಹಾಡನ್ನು ಹಿಂದಿನಿಂದ ತಳ್ಳಿದಂತೆ.

ಆದ್ದರಿಂದ ಎರಡು ಕಡತ ಇಟ್ಟುಕೊಳ್ಳಿ ಎನ್ನುವುದು ನನ್ನ ಸಲಹೆ: ಟೇಪಿನಿಂದ ಬಂದದ್ದು ಬಂದ ಹಾಗೇ ಒಂದು, ತಿದ್ದಿದ್ದು ಇನ್ನೊಂದು. ಸುಯ್ ಸದ್ದು ತೆಗೆಯುವುದಾದರೆ ಹಾಡುಗಳ ನಡುವಿನ ಖಾಲಿ ಜಾಗದಿಂದ ಮಾದರಿ ಕೊಡಿ. ಟೇಪಿನ ಶುರುವಿನಲ್ಲಿ ಇರುವ ಪಾರದರ್ಶಕ ಪಟ್ಟಿಯಿಂದ ತೆಗೆದುಕೊಂಡರೆ ಕೆಲಸಕ್ಕೆ ಬರುವುದಿಲ್ಲ, ಅದರಲ್ಲಿ ಕಾಂತದ ಲೇಪವೇ ಇಲ್ಲ. 6 ಡೆಸಿಬೆಲ್ ತಗ್ಗಿಸಿದರೆ ಸಾಕು. ದುರಾಸೆಯಿಂದ 20 ಎಂದರೆ ಸಿಂಬಲ್‌ಗಳು ನೀರಿನೊಳಗೆ ಗುಳುಗುಳು ಎನ್ನುತ್ತವೆ, ದನಿಯ ಅನುರಣನ ನಡುವಿನಲ್ಲೇ ಕತ್ತರಿಸಿಹೋಗುತ್ತದೆ. ಸಾಲು ಶುರುವಾಗುವ ಮೊದಲೇ ಅದೇ ಸಾಲು ದೂರದಿಂದ ಮೆಲ್ಲಗೆ ಕೇಳಿದರೆ ಗಾಬರಿ ಬೇಡ. ಸುರುಳಿಯಲ್ಲಿ ಒಂದು ಸುತ್ತಿನ ಕಾಂತ ಪಕ್ಕದ ಸುತ್ತಿಗೆ ಅಚ್ಚಾಗಿರುತ್ತದೆ. ಲೆಡ್ ಜೆಪ್ಲಿನ್‌ನ 1969ರ ‘ಹೋಲ್ ಲಾಟಾ ಲವ್’ನ ಕೊನೆಯ ಭಾಗದಲ್ಲಿ ರಾಬರ್ಟ್ ಪ್ಲಾಂಟ್ ಅವರ ದನಿಯೂ ಮುಂಚಿತವಾಗಿ ನುಸುಳಿತ್ತು. ತೆಗೆಯಲು ಬಾರದ್ದರಿಂದ ಅದಕ್ಕೆ ಇನ್ನಷ್ಟು ಪ್ರತಿಧ್ವನಿ ಸೇರಿಸಿ ಹಾಡಿನ ಭಾಗವನ್ನಾಗಿಸಿದರು.

ಕೊನೆಯದಾಗಿ ಹಾಡುಗಳನ್ನು ಬಿಡಿಬಿಡಿಯಾಗಿ ಕತ್ತರಿಸುವಾಗ ಕೈ ತಡೆಯಿರಿ. ಚೆನ್ನಾಗಿ ಗೊತ್ತಿರುವ ಕ್ಯಾಸೆಟ್‌ನಲ್ಲಿ ಒಂದು ಹಾಡು ಮುಗಿದ ಮೌನದಲ್ಲೇ ಮುಂದಿನದರ ಮೊದಲ ಸ್ವರ ತಲೆಯೊಳಗೆ ಶುರುವಾಗಿರುತ್ತದೆ, ಸರಿಯಾದ ಶ್ರುತಿಯಲ್ಲಿ, ಸರಿಯಾದ ಹೊತ್ತಿಗೆ. ತಂತ್ರಾಂಶ ತಾನಾಗಿ ಕತ್ತರಿಸಿದರೆ ಆ ಮೂರು ಸೆಕೆಂಡ್ ಖಾಲಿ, ರೆಕಾರ್ಡ್ ಗುಂಡಿ ಒತ್ತಿದ ಟಕ್ ಸದ್ದು, ರೇಡಿಯೊ ನಿರೂಪಕನ ಅರ್ಧ ವಾಕ್ಯ, ಮಗ್ಗುಲು ಮುಗಿದು ಎರಡನೇ ಚರಣದಲ್ಲೇ ತುಂಡಾದ ಕೊನೆಯ ಹಾಡು, ಎಲ್ಲ ಕಸಕ್ಕೆ ಹೋಗುತ್ತವೆ. ಇಡೀ ಮಗ್ಗುಲನ್ನು ಒಂದೇ ಫ್ಲ್ಯಾಕ್ (ಸದ್ದಿನ ಗುಣಮಟ್ಟ ಕಳೆಯದೆ ಕುಗ್ಗಿಸುವ ಮಾದರಿ) ಕಡತವಾಗಿ ಉಳಿಸಿ, ಹಾಡು ಎಲ್ಲಿ ಶುರುವಾಗುತ್ತದೆ ಎಂಬುದನ್ನು ಗುರುತು ಪಟ್ಟಿಯಲ್ಲಿ ಬರೆದಿಡಿ. ಟೇಪ್ ಮುಗಿದು ಡೆಕ್‌ನ ಗುಂಡಿ ಮೇಲೆ ಹಾರುವ ಸದ್ದು ಬರುವವರೆಗೆ ಮುದ್ರಣ ನಿಲ್ಲಿಸಬೇಡಿ.